ರೇಡಿಯೇಷನ್ ಡೋಸ್ ಅಳೆಯಲು ವಜ್ರ ಏಕೆ?

ಮಿದುಳಿನ ಸಣ್ಣ ಗಡ್ಡೆಗೆ ರೇಡಿಯೋಸರ್ಜರಿ ಮಾಡೋಣ ಎಂದು ಡಾಕ್ಟರು ಹೇಳಿದಾಗ ಮನೆಯವರು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ: ನೋವಾಗುತ್ತದೆಯೇ, ಖರ್ಚು ಎಷ್ಟು? ನೀವು ಇನ್ನೊಂದನ್ನೂ ಕೇಳಬಹುದು. ಆ ಕಿರಣದ ಡೋಸ್ ಅನ್ನು ಯಾರು, ಯಾವುದರಿಂದ ಅಳೆದಿದ್ದಾರೆ?

ಫ್ರಾನ್ಸ್‌ನ ತುಲೂಸ್ ನಗರದ ಆಸ್ಪತ್ರೆಯೊಂದರಲ್ಲಿ 2006ರ ಏಪ್ರಿಲ್‌ನಿಂದ ಸುಮಾರು ಒಂದು ವರ್ಷ ಈ ಚಿಕಿತ್ಸೆ ಪಡೆದ 145 ಮಂದಿಗೆ ನಿಗದಿಗಿಂತ ಹೆಚ್ಚು ಡೋಸ್ ಹೋಗಿತ್ತು. ಯಂತ್ರ ಕೆಟ್ಟಿರಲಿಲ್ಲ. ಕೂದಲೆಳೆಯಂತೆ ಕಿರಿದಾದದ್ದಲ್ಲದಿದ್ದರೂ ಕೆಲವೇ ಮಿಲಿಮೀಟರ್ ಅಗಲದ ಕಿರಣವನ್ನು ಅಳೆಯಲು ಬಳಸಿದ ಡಿಟೆಕ್ಟರ್ ಅದಕ್ಕೆ ತೀರಾ ದೊಡ್ಡದಾಗಿತ್ತು. ಅದು ಕಿರಣದ ನಡುವಿನ ಡೋಸ್‌ಗೆ ಅಂಚಿನ ಕಡಿಮೆ ಡೋಸನ್ನೂ ಬೆರೆಸಿ ಸರಾಸರಿ ತೋರಿಸಿತು. ಕಿರಣ ದುರ್ಬಲ ಎಂದುಕೊಂಡ ಲೆಕ್ಕ ಹೆಚ್ಚು ಹೊತ್ತು ಕಿರಣ ಹಾಯಿಸಿತು. ಅರ್ಧ ಎಂ.ಎಲ್. ಹನಿ ಔಷಧವನ್ನು ಸಾರಿನ ಸೌಟಿನಲ್ಲಿ ಅಳೆದಂತೆ. ಕೌಂಟರ್‌ನಲ್ಲಿ ನಿಂತು ಡ್ರಾಪರ್ ಬಳಸಿ ಎಂದು ದಿನವೂ ಹೇಳುವ ನನಗೆ ಇದು ಬೇಗ ಅರ್ಥವಾಯಿತು.

ಮಾಮೂಲಿ ರೇಡಿಯೋಥೆರಪಿಯಲ್ಲಿ ದಿನಕ್ಕೆ ಸುಮಾರು 2 ಗ್ರೇ ಕೊಡುತ್ತಾರೆ. ರೇಡಿಯೋಸರ್ಜರಿಯಲ್ಲಿ ಒಂದೇ ಸಲಕ್ಕೆ 15 ರಿಂದ 24 ಗ್ರೇವರೆಗೂ ಹೋಗಬಹುದು. ನಾಳೆ ಸರಿಪಡಿಸೋಣ ಎನ್ನಲು ಇಲ್ಲಿ ನಾಳೆಯೇ ಇರುವುದಿಲ್ಲ.

ವಜ್ರ ಬರುವುದು ಇಲ್ಲಿ. ಆಭರಣದ್ದಲ್ಲ, ಪ್ರಯೋಗಾಲಯದಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಅನಿಲದಿಂದ ಪದರ ಪದರವಾಗಿ ಬೆಳೆಸಿದ್ದು. ಬಳಕೆಯಲ್ಲಿರುವ ಒಂದು ಡಿಟೆಕ್ಟರಿನಲ್ಲಿ ಡೋಸ್ ಗ್ರಹಿಸುವ ಭಾಗ ಒಂದು ಮೈಕ್ರೋಮೀಟರ್ ದಪ್ಪ, ಸುಮಾರು 2 ಮಿಲಿಮೀಟರ್ ಅಗಲ. ಕಿರಣ ಬಿದ್ದಾಗ ಅಲ್ಲಿ ಹುಟ್ಟುವ ವಿದ್ಯುತ್ತಿನ ಅಳತೆಯೇ ಡೋಸಿನ ಅಳತೆ. ವಜ್ರವೆಂದರೆ ಕಾರ್ಬನ್, ಎಕ್ಸ್-ರೇ ಎದುರು ಅದರ ನಡತೆ ಸಿಲಿಕಾನ್‌ಗಿಂತ ನಮ್ಮ ಮಾಂಸಕ್ಕೆ ಹತ್ತಿರ. ಹಿಂದೆ ನೈಸರ್ಗಿಕ ವಜ್ರ ಬಳಸುತ್ತಿದ್ದಾಗ ಒಂದು ಕಲ್ಲಿನಂತೆ ಇನ್ನೊಂದು ಇರುತ್ತಿರಲಿಲ್ಲ. ಬೆಳೆಸಿದ ವಜ್ರದಲ್ಲಿ ಆ ತೊಂದರೆ ಬಹಳ ಕಡಿಮೆ.

ಇದೂ ಮಾಯಾದಂಡವಲ್ಲ. ವಜ್ರ ನೀರಿಗಿಂತ ಮೂರೂವರೆ ಪಟ್ಟು ಸಾಂದ್ರ. ಹಾಗಾಗಿ ಅತಿ ಸಣ್ಣ ಕಿರಣದಲ್ಲಿ ಡೋಸನ್ನು ತುಸು ಹೆಚ್ಚು ತೋರಿಸುತ್ತದೆ, ತಿದ್ದುಪಡಿ ಬೇಕಾಗುತ್ತದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2017ರಲ್ಲಿ ಹೊರತಂದ ಸಣ್ಣ ಕಿರಣಗಳ ಮಾರ್ಗಸೂಚಿಯಲ್ಲಿ ಅಂಥ ತಿದ್ದುಪಡಿಗಳ ಪಟ್ಟಿಗಳೇ ಇವೆ.

ಈ ವಜ್ರವನ್ನು ನಿಮ್ಮ ಮೈಮೇಲೆ ಇಡುವುದಿಲ್ಲ. ನೀರಿನ ತೊಟ್ಟಿಯಲ್ಲಿಟ್ಟು ಯಂತ್ರವನ್ನು ಪರೀಕ್ಷಿಸುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ವಜ್ರದ ಡಿಟೆಕ್ಟರ್ ಇಲ್ಲವೆಂದು ಚಿಕಿತ್ಸೆ ಮುಂದೂಡಬೇಡಿ. ಸಣ್ಣ ಡಯೋಡ್, ಪುಟ್ಟ ಅಯಾನ್ ಚೇಂಬರ್‌ಗಳೂ ಈ ಕೆಲಸಕ್ಕಿವೆ. ಮುಂಬೈ ಆಗಲಿ ಚೆನ್ನೈ ಆಗಲಿ, ನಮ್ಮ ದೇಶದ ರೇಡಿಯೋಥೆರಪಿ ಯಂತ್ರಕ್ಕೆ ಎಇಆರ್‌ಬಿ ಲೈಸೆನ್ಸ್ ಬೇಕು, ಮೆಡಿಕಲ್ ಫಿಸಿಸಿಸ್ಟ್ ಇರಬೇಕು. ಅವರನ್ನೇ ಭೇಟಿಯಾಗಿ ಕೇಳಿ: "ಸಣ್ಣ ಕಿರಣವನ್ನು ಯಾವ ಡಿಟೆಕ್ಟರಿನಿಂದ ಅಳೆದಿರಿ? ಇನ್ನೊಂದರಿಂದ ತಾಳೆ ನೋಡಿದಿರಾ? ನಮ್ಮವರ ಪ್ಲಾನನ್ನು ಮೊದಲು ಯಂತ್ರದಲ್ಲಿ ಪರೀಕ್ಷಿಸುತ್ತೀರಾ?" ಇದಕ್ಕೆ ಉತ್ತರಿಸಲು ಅವರಿಗೆ ಐದು ನಿಮಿಷ ಸಾಕು.