ಒಂದು ಮತದಿಂದ ಉಳಿದ ಬೀದಿ

ಇಂಗ್ಲೆಂಡಿನ ಪೂರ್ವಭಾಗದಲ್ಲಿ ನಾರಿಚ್ ಎಂಬ ನಗರವಿದೆ. ಆಂಗ್ಲ ಅಕ್ಷರಗಳಲ್ಲಿ ‘ನಾರ್ವಿಚ್’ ಎಂದಿದ್ದರೂ ಊರವರ ಬಾಯಲ್ಲಿ ವಕಾರವು ಎಂದೋ ಬಿದ್ದುಹೋಗಿದೆ. 1096ರಲ್ಲಿ ಕಟ್ಟತೊಡಗಿದ ಅಲ್ಲಿಯ ಮಹಾ ಇಗರ್ಜಿಯ ಶಿಖರವು 315 ಅಡಿ ಎತ್ತರವಾಗಿದ್ದು, ಅದನ್ನು ಬಣ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಆ ಇಗರ್ಜಿಯ ಸಮೀಪದಲ್ಲಿಯೇ ಇರುವ ಎಲ್ಮ್ ಹಿಲ್ ಎಂಬ ಸಣ್ಣ ಬೀದಿಯ ಕಡೆಗೆ ನಾವು ಈ ದಿನ ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ.

ಬೀದಿಗೆ ಉರುಟು ಕಲ್ಲುಗಳನ್ನು ಹಾಸಿದೆ. ಇಕ್ಕೆಲದ ಹಳೆಯ ಮನೆಗಳು ಮರದ ಚೌಕಟ್ಟಿನವು. ಹಲವು ಮನೆಗಳ ಮೇಲಂತಸ್ತು ಕೆಳಗಿನದಕ್ಕಿಂತ ಮುಂದೆ ಚಾಚಿಕೊಂಡು, ನಡೆಯುವವನನ್ನು ಬಗ್ಗಿ ನೋಡುವಂತೆ ತೋರುತ್ತದೆ. ಒಂದು ಪಕ್ಕದ ಹಿತ್ತಿಲುಗಳು ವೆನ್ಸಮ್ ನದಿಯ ಕಡೆಗೆ ಇಳಿಯುತ್ತವೆ. ವರ್ತಕರ ಸರಕು ಅಲ್ಲಿಂದಲೇ ದೋಣಿಯೇರುತ್ತಿತ್ತು. 1507ರಲ್ಲಿ ಊರಿಗೆ ಬೆಂಕಿ ಬಿದ್ದು ಸುಮಾರು 700 ಮನೆಗಳು ಭಸ್ಮವಾದವು. ಈ ಬೀದಿಯಲ್ಲಿ ಉಳಿದುದು ಒಂದೇ ಮನೆ. ಬೀದಿಗೆ ಹೆಸರು ಕೊಟ್ಟ ಎಲ್ಮ್ ಮರವೂ ಈಚೆಗೆ, ಕಳೆದ ಶತಮಾನದಲ್ಲಿ, ರೋಗ ತಗಲಿ ಸತ್ತಿತು. ಅಲ್ಲಿ ಈಗಿರುವುದು ಬೇರೆ ಜಾತಿಯ ಮರ.

ಬೆಂಕಿಗೆ ಸಿಕ್ಕದೆ ಉಳಿದ ಆ ಮನೆಗೆ ಬ್ರಿಟನ್ಸ್ ಆರ್ಮ್ಸ್ ಎಂದು ಹೆಸರು. 15ನೆಯ ಶತಮಾನದ ಕಟ್ಟಡ, ಹುಲ್ಲಿನ ಮಾಡು. ಮಠದ ದೀಕ್ಷೆಯನ್ನು ಪಡೆಯದೆ, ಪ್ರಾರ್ಥನೆಯಲ್ಲಿಯೂ ದುಡಿಮೆಯಲ್ಲಿಯೂ ಕೂಡಿ ಬಾಳಿದ ಹೆಂಗಸರು ಮೊದಲು ಅಲ್ಲಿ ವಾಸವಾಗಿದ್ದರೆಂದು ಬಲ್ಲವರ ಅಭಿಪ್ರಾಯ. ಮುಂದೆ ಅದು ಹೆಂಡದಂಗಡಿಯಾಯಿತು. 20ನೆಯ ಶತಮಾನದಲ್ಲಿ ಕಾಫಿ ತಿಂಡಿಯ ಹೋಟೆಲಾಗಿ ದಶಕಗಳ ಕಾಲ ನಡೆಯಿತು. ಹುಲ್ಲಿನ ಮಾಡಿನ ಕೆಳಗೆ ಒಲೆ ಉರಿಸುವವನಿಗೆ ಎಷ್ಟು ಎಚ್ಚರ ಬೇಕೆಂಬುದನ್ನು ಹೋಟೆಲಿನ ಒಳಗೆ ಬೆಂದವರಿಗೆ ನಾವು ಹೇಳಬೇಕಾಗಿಲ್ಲ.

ಬೆಂಕಿಯ ಬಳಿಕ ಬೀದಿಯನ್ನು ಮರಳಿ ಎಬ್ಬಿಸಿದುದು ಬಟ್ಟೆಯ ವ್ಯಾಪಾರದ ಹಣ. ಮೂರು ಬಾರಿ ಮೇಯರಾದ ಆಗಸ್ಟಿನ್ ಸ್ಟೂವರ್ಡನ ಮನೆ ಇಲ್ಲಿಯೇ ಇತ್ತು. ಆದರೆ ಆ ವ್ಯಾಪಾರ ಮೆಲ್ಲನೆ ಇಳಿಮುಖವಾದಾಗ ಊರವರು ಏನು ಮಾಡಿದರೆಂಬುದೇ ನಮಗೆ ಮುಖ್ಯವಾಗಿ ತೋರುವ ಸಂಗತಿ. 1565ರಲ್ಲಿ ಎಲಿಜಬೆತ್ ರಾಣಿಯ ಅಪ್ಪಣೆ ಪಡೆದು ಸಮುದ್ರದಾಚೆಯಿಂದ 30 ನೇಕಾರ ಕುಟುಂಬಗಳನ್ನು ಕರೆಸಿದರು. 24 ಡಚ್ಚರವು, 6 ವಲೂನರವು. ಸ್ಪೇನಿನ ಅರಸನ ಆಳಿಕೆಯಲ್ಲಿ ಮತದ ಕಾರಣಕ್ಕಾಗಿ ಹಿಂಸೆಗೊಳಗಾದ ಜನ ಅವರು. ಊರವರು ಅವರನ್ನು ‘ಸ್ಟ್ರೇಂಜರ್ಸ್’, ಎಂದರೆ ಪರಕೀಯರು, ಎಂದು ಕರೆದರು. ಹಗುರವಾದ ಹೊಸ ಬಗೆಯ ಬಟ್ಟೆಗಳನ್ನು ನೆಯ್ದು ಅವರು ಊರಿನ ಭಾಗ್ಯವನ್ನು ತಿರುಗಿಸಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ನಗರದ ಸುಮಾರು 16,000 ಜನರಲ್ಲಿ ಮೂರನೆಯ ಒಂದು ಪಾಲು ಅವರೇ ಆಗಿದ್ದರು.

ಅವರನ್ನು ಎಲ್ಲರೂ ಎದೆಗಪ್ಪಿಕೊಂಡರೆಂದು ತಿಳಿಯಬಾರದು. 1570ರಲ್ಲಿ ಪರಕೀಯರನ್ನು ಹೊರಗಟ್ಟಲು ಕೆಲವರು ಸಂಚು ಹೂಡಿ, ಅದು ಬಯಲಾಗಿ, ಮುಂದಾಳುಗಳು ಗಲ್ಲಿಗೇರಿದರು. ಇತ್ತ ಆ ಪರಕೀಯರಲ್ಲೊಬ್ಬನಾದ ಆಂಟನಿ ಡಿ ಸೊಲೆಮ್‌ನ ಎಂಬವನು ನಾರಿಚ್ ನಗರಕ್ಕೆ ಮೊದಲನೆಯ ಮುದ್ರಣಾಲಯವನ್ನು ತಂದನು. 1568ರಲ್ಲಿ ಅದರಲ್ಲಿ ಅಚ್ಚಾದ ಪುಸ್ತಕಗಳು ಇಂಗ್ಲಿಷಿನವಲ್ಲ, ಡಚ್ ಭಾಷೆಯವು. ಪರಸ್ಥಳದಲ್ಲಿ ತಾಯ್ನುಡಿಯ ಪತ್ರಿಕೆಯನ್ನು ಹಿಡಿದು ಕುಳಿತ ನಮ್ಮ ವಾಚಕರು ಈ ಒಂದು ವಾಕ್ಯವನ್ನು ಇನ್ನೊಮ್ಮೆ ಓದಿದರೆ ನಮಗೆ ಆಶ್ಚರ್ಯವಿಲ್ಲ.

19ನೆಯ ಶತಮಾನದಲ್ಲಿ ನೇಕಾರಿಕೆ ಯಾರ್ಕ್‌ಶೈರಿನ ಯಂತ್ರಗಳ ಪಾಲಾಯಿತು. ಎಲ್ಮ್ ಹಿಲ್ಲಿನ ವರ್ತಕರ ಮನೆಗಳು ತುಂಡುತುಂಡಾಗಿ ಬಡವರ ಬಿಡಾರಗಳಾದವು. 1920ರ ದಶಕದಲ್ಲಿ, ಇದು ಕೊಳಕು ಕೇರಿ, ಕೆಡವಬೇಕು ಎಂಬ ಮಾತು ನಗರಸಭೆಯಲ್ಲಿ ಎದ್ದಿತು. 1923ರಲ್ಲಿ ಹುಟ್ಟಿದ ನಾರಿಚ್ ಸೊಸೈಟಿ ಎಂಬ ನಾಗರಿಕರ ಸಂಘ ಅಡ್ಡಬಂದಿತು. ಕೊನೆಗೆ ಬೀದಿ ಉಳಿದುದು ಒಂದೇ ಒಂದು ಮತದ ಅಂತರದಿಂದ.

ಕೆಡವಬೇಕೆಂದವರನ್ನು ದುಷ್ಟರೆನ್ನಲು ನಾವು ಸಿದ್ಧರಿಲ್ಲ. ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗಿ, ನಲ್ಲಿಯ ಮುಂದೆ ಸಾಲು ನಿಂತು ಬಲ್ಲವನಿಗೆ ಹಳೆಯ ತೊಲೆಯ ಕೆತ್ತನೆ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಆಕ್ಷೇಪ ಬೇರೆ ಕಡೆ ಇದೆ. ಉಳಿಸಿದವರ ದೃಷ್ಟಿ ಗೋಡೆಯ ಮೇಲೆಯೇ ನಿಂತರೆ, ನೋಡಬಂದವನು ಕಲ್ಲು, ಮರ, ಕಿಟಕಿಗಳ ಚಿತ್ರ ತೆಗೆದುಕೊಂಡು ಹೊರಟುಹೋಗುತ್ತಾನೆ. ಆ ಗೋಡೆಗೆ ಹಣ ತಂದ ಮಗ್ಗ ಯಾರದೆಂದು ಕೇಳುವುದಿಲ್ಲ. ಮುಂಬಯಿಯಲ್ಲಿಯೂ 1995ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗೆ ನಿಯಮಗಳು ಬಂದವು, ಒಳ್ಳೆಯದೇ ಆಯಿತು. ಅಲ್ಲಿಯ ಪಟ್ಟಿ ಮಾಡುವವರು ಕಮಾನುಗಳನ್ನು ಎಣಿಸುವಾಗ ಒಳಗಿನ ಒಲೆಯನ್ನೂ, ಅದರ ಮುಂದೆ ದುಡಿದವರು ಯಾವ ಊರಿನಿಂದ ಬಂದರೆಂಬುದನ್ನೂ ಬರೆದುಕೊಳ್ಳಲಿ ಎಂದು ನಾವು ಕೇಳುತ್ತೇವೆ.

ನಾರಿಚ್ ನಗರಕ್ಕೆ ಹೋಗುವ ಅವಕಾಶ ನಮ್ಮ ವಾಚಕರಲ್ಲಿ ಯಾರಿಗಾದರೂ ಒದಗಿದರೆ, ಎಲ್ಮ್ ಹಿಲ್ಲಿನ ಕೆಳತುದಿಯಿಂದ ಹೊರಡಬೇಡಿ. ಬೀದಿಯ ಮೇಲ್ತುದಿಯ ಬಳಿ, ಮನೆಗಳ ಬೆನ್ನಿಗೇ, ಬ್ಲ್ಯಾಕ್‌ಫ್ರಯರ್ಸ್ ಸಭಾಂಗಣವಿದೆ. ಡಚ್ಚರು ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಮಾಡಿಕೊಳ್ಳಲೆಂದು ಊರವರು ಬಿಟ್ಟುಕೊಟ್ಟ ಕಟ್ಟಡ ಅದು. ಅಲ್ಲಿಂದ ಹೊರಟು ಇಳಿಯಿರಿ.