ಜಿಗಿಯಲಾರದ ನಾಯಕ

ವಿಡಿಯೊ ಗೇಮ್ ಎಂದ ಕೂಡಲೇ ನಮ್ಮಂಥ ಹಿರಿಯರಿಗೆ ನೆನಪಾಗುವುದು ಗುಂಡಿನ ಸದ್ದು, ಧಡಧಡ ಓಟ, ಊಟಕ್ಕೆ ಕರೆದರೂ ಏಳದ ಮಕ್ಕಳು. ಈ ವಾರ ನಾನು ಹೇಳಹೊರಟಿರುವ ಆಟದ ನಾಯಕನಿಗೆ ಜಿಗಿಯಲು ಬರುವುದೇ ಇಲ್ಲ! ಬೆನ್ನ ಮೇಲೆ ಅಷ್ಟು ದೊಡ್ಡ ಚೀಲ. ತಲೆಗೊಂದು ದೀಪ ಕಟ್ಟಿಕೊಂಡು ಪುಟುಪುಟು ನಡೆಯುತ್ತಾನೆ. ಹೆಸರು ಕ್ಯಾಪ್ಟನ್ ಟೋಡ್. ಟೋಡ್ ಎಂದರೆ ಇಲ್ಲಿ ಕಪ್ಪೆಯಲ್ಲ ಮಕ್ಕಳೇ, ಅಣಬೆ ತಲೆಯ ಪುಟಾಣಿ.

ಆಟದ ಪೂರ್ಣ ಹೆಸರು ‘ಕ್ಯಾಪ್ಟನ್ ಟೋಡ್: ಟ್ರೆಷರ್ ಟ್ರ್ಯಾಕರ್’. ಜಪಾನಿನ ನಿಂಟೆಂಡೊ ಕಂಪನಿಯದು. 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡಿ ಮಾರಲು ಹುಟ್ಟಿಕೊಂಡ ಕಂಪನಿ ಅದು. 2013ರ ‘ಸೂಪರ್ ಮಾರಿಯೋ 3ಡಿ ವರ್ಲ್ಡ್’ ಆಟದಲ್ಲಿ ಈ ಅಣಬೆ ನಾಯಕನಿಗೆಂದೇ ಕೆಲವು ಹಂತಗಳಿದ್ದವು. ಅವು ಬೆಳೆದು 2014ರಲ್ಲಿ ಬೇರೆ ಆಟವಾಯಿತು. 2018ರಲ್ಲಿ ಸ್ವಿಚ್ ಎಂಬ ಯಂತ್ರಕ್ಕೂ ಬಂತು. ನಮ್ಮ ಮನೆಯಲ್ಲಿ ಮೊಮ್ಮಗಳೂ ನಾನೂ ಆಡುವುದು ಅದನ್ನೇ.

ಒಂದೊಂದು ಹಂತವೂ ಗಾಳಿಯಲ್ಲಿ ತೇಲುವ ಒಂದು ಪುಟ್ಟ ಲೋಕ. ದಸರೆ ಗೊಂಬೆಯ ಮುಂದೆ ಮಕ್ಕಳು ಕಟ್ಟುವ ಪಾರ್ಕಿನಷ್ಟೇ ಅಚ್ಚುಕಟ್ಟು. ಅದರಲ್ಲಿ ಎಲ್ಲೋ ಒಂದು ನಕ್ಷತ್ರ, ಜೊತೆಗೆ ಮೂರು ರತ್ನಗಳು. ಜಿಗಿಯಲಾಗದ ಮೇಲೆ ದಾರಿ ಹುಡುಕುವುದು ಹೇಗೆ? ಲೋಕವನ್ನೇ ತಿರುಗಿಸಿ ನೋಡಬೇಕು. ಮುಂದಿನಿಂದ ಬರೀ ಗೋಡೆ. ಹಿಂದಿನಿಂದ ನೋಡಿದರೆ ಅಲ್ಲೊಂದು ಬಾಗಿಲು! ಆಟದ ದೊಡ್ಡ ಗುಣ ಇದೇ. ಬೆರಳಿನ ಚುರುಕು ಅಷ್ಟು ಬೇಡ, ಕಣ್ಣು ಬೇಕು. ನಿಂತು ಯೋಚಿಸಿದರೆ ಹೆಚ್ಚಿನ ಹಂತಗಳಲ್ಲಿ ಯಾರೂ ಅವಸರಪಡಿಸುವುದಿಲ್ಲ.

ಇನ್ನೊಂದು ಗುಣ, ಇದರಲ್ಲಿ ಓದಿ ಅರ್ಥಮಾಡಿಕೊಳ್ಳಬೇಕಾದ್ದು ಬಹಳ ಕಡಿಮೆ. ಇಂಗ್ಲಿಷ್ ಬಾರದ ಅಜ್ಜಿಯೂ ಕೂತು ದಾರಿ ಹೇಳಬಹುದು. ಶತ್ರುಗಳಿದ್ದಾರೆ, ಆದರೆ ರಕ್ತಪಾತವಿಲ್ಲ. ನೆಲದಿಂದ ಟರ್ನಿಪ್ ಗಡ್ಡೆ ಕಿತ್ತು ಎಸೆದರಾಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಣ್ಣಾಮುಚ್ಚಾಲೆ. ಮುಗಿಸಿದ ಹಂತಕ್ಕೆ ಮರಳಿ ಹೋದರೆ ಚುಕ್ಕಿಗಳಲ್ಲಿ ಬರೆದ ಪುಟ್ಟ ಟೋಡ್ ಚಿತ್ರವೊಂದು ಎಲ್ಲೋ ಅಂಟಿಕೊಂಡಿರುತ್ತದೆ. “ತಾತ, ಸೇತುವೆ ಅಡಿ ನೋಡಿದ್ಯಾ?” ಎನ್ನುತ್ತಾಳೆ ಮೊಮ್ಮಗಳು. ನೋಡಿರುವುದಿಲ್ಲ!

ಇನ್ನು ಕೊರತೆಗಳು. ಮೊದಲನೆಯದು, ಆಟ ಸುಲಭ. ಹಂತಗಳೇನೋ 70ಕ್ಕೂ ಹೆಚ್ಚು, ಆದರೆ ಹತ್ತು-ಹನ್ನೆರಡು ವರ್ಷದ ಚುರುಕು ಮಕ್ಕಳು ಹಲವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿಬಿಡುತ್ತಾರೆ. ಎರಡನೆಯದು, ಪ್ರತಿ ಹಂತಕ್ಕೂ ಒಂದು ಹೆಚ್ಚುವರಿ ಗುರಿ ಇದೆ. ಅದು ಏನೆಂದು ತಿಳಿಸುವುದು ಹಂತ ಮುಗಿದ ಮೇಲೆ! ಬಡಿಸಿದ ಎಲೆ ಎತ್ತಿದ ಮೇಲೆ ಪಾಯಸ ಇತ್ತೆಂದು ಹೇಳಿದ ಹಾಗೆ. ಮತ್ತೆ ಮೊದಲಿಂದ ಆಡಬೇಕು. ಮೂರನೆಯದು, ದೊಡ್ಡ ಹಕ್ಕಿ ಮತ್ತು ಬೆಂಕಿಯುಗುಳುವ ಡ್ರ್ಯಾಗನ್ ಮೊದಲ ಸಲ ರೋಮಾಂಚನ ಕೊಡುತ್ತವೆ. ಅವೇ ಮತ್ತೆ ಮತ್ತೆ ಎದುರಾದಾಗ ಆ ಹುರುಪು ಉಳಿಯುವುದಿಲ್ಲ.

ಹಿರಿಯರಿಗೆ ಬೇರೆ ಕಷ್ಟವೂ ಉಂಟು. ಗಣಿಯ ತಳ್ಳುಗಾಡಿಯಲ್ಲಿ ಕೂತು ಗುರಿಯಿಟ್ಟು ಟರ್ನಿಪ್ ಎಸೆಯುವ ಹಂತಗಳು ಕೆಲವಿವೆ. ಟಿವಿಯಲ್ಲಿ ಆಡುವಾಗ ಕೈಯ ಸಾಧನವನ್ನು ಅಲುಗಿಸಿ ಗುರಿ ಹಿಡಿಯಬೇಕು. ನನ್ನಂತೆ ಕೈ ನಡುಗುವವರಿಗೆ ಅದು ಹಿತವಲ್ಲ. ಅಲ್ಲಿ ನಾನು ಸಾಧನವನ್ನು ಮೊಮ್ಮಗಳಿಗೆ ಕೊಟ್ಟುಬಿಡುತ್ತೇನೆ.

ಇಬ್ಬರು ಸೇರಿ ಆಡುವ ವ್ಯವಸ್ಥೆಯೂ ಇದೆ. ಒಬ್ಬರು ಟೋಡ್‌ನನ್ನು ನಡೆಸಿದರೆ ಇನ್ನೊಬ್ಬರು ಟರ್ನಿಪ್ ಎಸೆದು ಶತ್ರುಗಳನ್ನು ಉರುಳಿಸುವ ಬಗೆ ಅದರಲ್ಲೊಂದು. ಆದರೆ ದಾರಿ ಯೋಚಿಸುವ ಮೊದಲೇ ಶತ್ರು ಬಿದ್ದಿರುತ್ತಾನೆ; ಒಗಟೇ ಉಳಿಯುವುದಿಲ್ಲ. ಅದಕ್ಕಿಂತ ನಮ್ಮ ಮನೆಯ ಕ್ರಮ ವಾಸಿ. ಸಾಧನ ಒಬ್ಬರ ಕೈಯಲ್ಲಿ, ಕಣ್ಣು ಇಬ್ಬರದೂ. ಮೊಮ್ಮಗಳು ನಡೆಸುತ್ತಾಳೆ, “ಇನ್ನೊಂದು ಸುತ್ತು ತಿರುಗಿಸು” ಎಂದು ನಾನು ಹೇಳುತ್ತೇನೆ. ಮುಂದಿನ ಹಂತಕ್ಕೆ ಅದಲುಬದಲು. ಅವಳಿಗೆ ಕಾಣದ್ದು ನನಗೂ, ನನಗೆ ಕಾಣದ್ದು ಅವಳಿಗೂ ಕಾಣುತ್ತದೆ. ಮನೆಯವರು ಒಬ್ಬೊಬ್ಬರು ಒಂದೊಂದು ಪರದೆ ಹಿಡಿದು ಮೂಲೆ ಸೇರುವ ಈ ದಿನಗಳಲ್ಲಿ, ಒಂದೇ ಪರದೆಯ ಮುಂದೆ ತಾತ-ಮೊಮ್ಮಗಳನ್ನು ಮಾತಿಗೆ ಕೂರಿಸುವುದಾದರೆ, ಆಟ ಸುಲಭವಾಯಿತೆಂಬ ದೂರನ್ನು ನಾನು ಮನ್ನಿಸುತ್ತೇನೆ.

ಹಾಗೆಂದು ಮಕ್ಕಳೇ, ಇದೊಂದಕ್ಕಾಗಿ ಯಂತ್ರ ಕೊಡಿಸಿ ಎಂದು ಅಪ್ಪ-ಅಮ್ಮನನ್ನು ಕಾಡಬೇಡಿ. ಅದು ದುಬಾರಿ ವಸ್ತು. ಮನೆಯಲ್ಲೋ ಗೆಳೆಯರ ಹತ್ತಿರವೋ ಆಗಲೇ ಇದ್ದರೆ ಆಡಿ ನೋಡಿ, ದಿನಕ್ಕೆ ಎರಡು ಹಂತ ಸಾಕು. ಪಕ್ಕದಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಳ್ಳಿ. ಮೊದಲ ರತ್ನ ಯಾರ ಕಣ್ಣಿಗೆ ಬಿತ್ತೆಂದು ನನಗೂ ಬರೆದು ತಿಳಿಸಿ.