ಅಭಿಮಾನಿಗಳಿಂದ ನಾವು ಕಲಿಯುವ ಪಾಠ



ಸಂಜೆ ನಮ್ಮ ಹುಡುಗರು ಲೈನಿನ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂತರೆ ಹಿರಿಯರು ಗೊಣಗುತ್ತೇವೆ. "ಸಿನಿಮಾ ನಟನ ಹುಟ್ಟುಹಬ್ಬಕ್ಕೆ ಓಡುತ್ತಾರೆ, ಸಂಘದ ಸಭೆಗೆ ಒಬ್ಬನೂ ಬರುವುದಿಲ್ಲ" ಎಂದು ನಾನೂ ಅಂದವನೇ. ಆದರೆ ತಪ್ಪು ಅವರದೋ, ಕರೆಯುವ ನಮ್ಮದೋ?

ನಡೆದ ಸಂಗತಿಯೊಂದನ್ನು ಕೇಳಿರಿ. ಇಂಗ್ಲೆಂಡಿನ ಲೇಖಕಿ ಜೆ. ಕೆ. ರೌಲಿಂಗ್ ಬರೆದ ಹ್ಯಾರಿ ಪಾಟರ್ ಎಂಬ ಮಾಯಾವಿ ಹುಡುಗನ ಕಥೆಗೆ ಲೋಕದಲ್ಲೆಲ್ಲ ಅಭಿಮಾನಿಗಳಿದ್ದಾರೆ. ಆ ಕಥೆಯ ಮಾತಾಡಲು ಇಂಟರ್‌ನೆಟ್ಟಿನಲ್ಲಿ ಸೇರುತ್ತಿದ್ದ ಯುವಕ ಯುವತಿಯರನ್ನು ಕೂಡಿಸಿ, 2005ರಲ್ಲಿ ಅಮೆರಿಕದ ಆಂಡ್ರ್ಯೂ ಸ್ಲ್ಯಾಕ್ ಮತ್ತು ಗೆಳೆಯರು 'ಹ್ಯಾರಿ ಪಾಟರ್ ಅಲಯನ್ಸ್' ಎಂಬ ಕೂಟ ಕಟ್ಟಿದರು. 2010ರಲ್ಲಿ ಹೈಟಿ ದೇಶ ಭೂಕಂಪದಿಂದ ನಲುಗಿದಾಗ ಈ ಕೂಟ 1,23,000 ಡಾಲರ್ ಕೂಡಿಸಿ, ಐದು ವಿಮಾನಗಳಲ್ಲಿ ಔಷಧ ಸಾಮಗ್ರಿ ಕಳುಹಿಸಿತು.

ಅವರ ಇನ್ನೊಂದು ಕೆಲಸ ನಮಗೆ ಇನ್ನೂ ಹತ್ತಿರದ್ದು. ಹ್ಯಾರಿಯ ಹೆಸರಿನಲ್ಲಿ ವಾರ್ನರ್ ಬ್ರದರ್ಸ್ ಕಂಪನಿಯ ಚಾಕೊಲೇಟು ಮಾರಾಟವಾಗುತ್ತಿತ್ತು. ಚಾಕೊಲೇಟಿನ ಕೋಕೋ ಬಹುಪಾಲು ಬೆಳೆಯುವುದು ಪಶ್ಚಿಮ ಆಫ್ರಿಕದಲ್ಲಿ. ಅಲ್ಲಿನ ತೋಟಗಳಲ್ಲಿ ಎಳೆಯ ಮಕ್ಕಳೂ ದುಡಿಯುತ್ತಾರೆ. ಅನ್ಯಾಯದ ವಿರುದ್ಧ ನಿಂತ ಹುಡುಗನ ಹೆಸರಿನಲ್ಲಿ ಇಂಥ ವ್ಯಾಪಾರವೇ ಎಂದು ಅಭಿಮಾನಿಗಳು ಕೇಳಿದರು. ನಮ್ಮ ತಪಾಸಣೆಯಲ್ಲಿ ಎಲ್ಲ ಸರಿಯಿದೆ ಎಂದಿತು ಕಂಪನಿ. ಹಾಗಾದರೆ ವರದಿ ತೋರಿಸಿ ಎಂದರು ಇವರು. ಸಹಿ ಕೂಡಿಸಿದರು, ಕಥೆಯಲ್ಲಿ ಬರುವ ಗದರುವ ಕಾಗದದಂತೆ ವಿಡಿಯೋ ಮಾಡಿ ಕಳುಹಿಸಿದರು. ಸುಮಾರು ನಾಲ್ಕು ವರ್ಷ ಪಟ್ಟು ಬಿಡಲಿಲ್ಲ. ಕೊನೆಗೆ ಕಂಪನಿ ಮಣಿಯಿತು. 2015ರ ಅಂತ್ಯದೊಳಗೆ ಆ ಚಾಕೊಲೇಟಿಗೆಲ್ಲ ನ್ಯಾಯವ್ಯಾಪಾರದ ಅಥವಾ ಯುಟಿಝ್ ಪ್ರಮಾಣಪತ್ರವುಳ್ಳ ಕೋಕೋ ಬಳಸುವುದಾಗಿ ಒಪ್ಪಿಕೊಂಡಿತು.

ಇದರ ಗುಟ್ಟೇನು? ಅವರನ್ನು ಮೊದಲು ಕೂಡಿಸಿದ್ದು ದುಃಖವಲ್ಲ, ಪ್ರೀತಿ. ಗೆಳೆತನ ಮೊದಲು ಬೆಳೆಯಿತು, ಹೋರಾಟ ಆಮೇಲೆ ಬಂತು. ಬರೆಯಬಲ್ಲವನು ಬರೆದ, ಹಾಡಬಲ್ಲವಳು ಹಾಡಿದಳು. ನಾವೋ ಚಂದಾ ಕೇಳಲು, ಬೋನಸ್ಸಿನ ಜಗಳ ಬಂದಾಗ ಮಾತ್ರ ಬಾಗಿಲು ತಟ್ಟುತ್ತೇವೆ. ಬಂದವರಿಗೆ ಚಾಪೆಯ ಮೇಲೆ ಕೂತು ಭಾಷಣ ಕೇಳುವುದೊಂದೇ ಕೆಲಸ!

ಆದರೂ ಒಂದು ಎಚ್ಚರಿಕೆ ಇರಲಿ. ಸಹಿ ಹಾಕಿದವರು ಕೊಳ್ಳುವವರು, ದುಡಿಯುವವರಲ್ಲ. ಸಹಿ ಹಾಕಿದ್ದಕ್ಕೆ ಯಾರ ದಿನಗೂಲಿಯೂ ಹೋಗಲಿಲ್ಲ. ಗೇಟಿನ ಮುಂದೆ ನಿಲ್ಲುವ ನಮಗೆ ಅದು ಹೋಗುತ್ತದೆ. ಆದ್ದರಿಂದ ಮೊಬೈಲು ಸಂಘದ ಬದಲಿಯಾಗದು, ಸಂಘದ ಕೈಯಾಗಬಹುದು.

ಮುಂದಿನ ಸಭೆಯಲ್ಲಿ ಚಂದಾ ಪುಸ್ತಕ ತೆರೆಯುವ ಮುನ್ನ ಚಹಾ ಕಾಯಿಸೋಣ, ಹಾಡೊಂದು ಹಾಡಿಸೋಣ. ಮೊಬೈಲ್ ಹಿಡಿದ ಹುಡುಗಿಗೆ ತನ್ನ ಲೈನಿನವರ ದಿನದಿನದ ಎಲೆ ತೂಕ ಬರೆದಿಡುವ ಕೆಲಸ ಕೊಡೋಣ. ತೂಕದ ತಕರಾರು ಬಂದ ದಿನ ಆ ಲೆಕ್ಕವೇ ನಮ್ಮ ಪರವಾಗಿ ಮಾತಾಡುತ್ತದೆ. ಆ ಹುಡುಗಿಯೂ ನಮ್ಮ ಜೊತೆ ನಿಂತಿರುತ್ತಾಳೆ.